ಆಕಾಶಕ್ಕೆ ಹೋದ ಆರನೆಯವನು

ನನಗೊಂದು ಚಟವಿದೆ. ಯಾವ ಕಾದಂಬರಿಯನ್ನೇ ಆಗಲಿ, ಓದಿ ಮುಗಿಸಿದ ಮೇಲೆ ಅದರಲ್ಲಿ ಬಂದವರನ್ನೆಲ್ಲ ಬೆರಳು ಮಡಚಿ ಎಣಿಸುತ್ತೇನೆ. ಮೊದಲ ಅಧ್ಯಾಯದಲ್ಲಿ ಮನೆ ಬಿಟ್ಟವರು ಎಷ್ಟು ಜನ, ಕೊನೆಯ ಅಧ್ಯಾಯದಲ್ಲಿ ಮನೆ ಸೇರಿದವರು ಎಷ್ಟು ಜನ, ಸತ್ತವರು ಯಾರು, ಮದುವೆಯಾಗಿ ಪಾರಾದವರು ಯಾರು, ಎಲ್ಲ ತಾಳೆಯಾದರೆ ಮಾತ್ರ ಪುಸ್ತಕ ಕೆಳಗಿಡುತ್ತೇನೆ. ಮಕ್ಕಳನ್ನು ನಂದಿಬೆಟ್ಟಕ್ಕೆ ಕರೆದುಕೊಂಡು ಹೋದ ಮೇಡಂ ವಾಪಸು ಬಸ್ಸು ಹತ್ತುವ ಮುಂಚೆ ತಲೆ ಎಣಿಸುತ್ತಾಳಲ್ಲ, ಹಾಗೆ. ಆ ಕೆಲಸವನ್ನೂ ನಾನು ಬಹಳ ವರ್ಷ ಮಾಡಿದ್ದೇನೆ ಅನ್ನಿ. ನಮ್ಮ ಮನೆಯವರು ನಗುತ್ತಾರೆ. "ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಫೇಲಾದೋಳು ನೀನು, ಈಗ ಯಾಕೆ ಈ ಲೆಕ್ಕದ ಹುಚ್ಚು?" ಅನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಮೊನ್ನೆ ಪಕ್ಕದ ಮನೆಯ ಕಾಲೇಜು ಹುಡುಗಿ ಒಂದು ಬಾಹ್ಯಾಕಾಶದ ಸಾಹಸ ಕಾದಂಬರಿ ತಂದುಕೊಟ್ಟು, "ಅಜ್ಜಿ, ಇದರ ಗುಣದೋಷ ಹೇಳಿ, ನಾನು ಬರೀಬೇಕು" ಎಂದಳು. ನಾನು ಓದಿ, ಎಣಿಸಿ, "ಚೆನ್ನಾಗಿದೆ ಕಣಮ್ಮ, ಎಲ್ಲರೂ ಇದಾರೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಗುಣದೋಷವೆಂದರೆ ಪಾತ್ರಪೋಷಣೆ, ಶೈಲಿ, ವೈಜ್ಞಾನಿಕ ದೃಷ್ಟಿ ಅಂತ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದಳು ಪಾಪ. ನನಗೆ ಗೊತ್ತಿರುವ ಗುಣದೋಷ ಬೇರೆ ಒಂದು ಪುಸ್ತಕದ್ದು. ಅದನ್ನು ಅವಳಿಗೆ ಹೇಳುವುದಕ್ಕೆ ಮನಸ್ಸಾಗಲಿಲ್ಲ. ನಿಮಗಾದರೆ ಹೇಳಬಹುದು.

ಆ ಪುಸ್ತಕ ನಮ್ಮ ಮನೆಗೆ ಬಂದದ್ದು ಚಿಕ್ಕ ರೈಲಿನಲ್ಲಿ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರಕ್ಕೆ ಹೋಗುತ್ತಿದ್ದ ಆ ರೈಲನ್ನು ನೀವು ನೋಡಿರಲಿಕ್ಕಿಲ್ಲ. ಮುಂದಿನ ಡಬ್ಬಿಯವರು ಇಳಿದು, ಹೊಲದಲ್ಲಿ ಒಂದು ಹಿಡಿ ಕಡಲೆಕಾಯಿ ಕಿತ್ತುಕೊಂಡು, ಹಿಂದಿನ ಡಬ್ಬಿಗೆ ಹತ್ತಿಕೊಳ್ಳಬಹುದು ಎಂದು ಜನ ಆಡಿಕೊಳ್ಳುತ್ತಿದ್ದರು. ಅಂಥ ರೈಲಿನಲ್ಲಿ ಯಾರೋ ಪುಣ್ಯಾತ್ಮ ಮಂಗಳ ಗ್ರಹಕ್ಕೆ ಹೋಗುವ ಕಥೆಯನ್ನು ಓದುತ್ತಾ ಕೂತು, ಸೀಟಿನ ಮೇಲೆ ಪುಸ್ತಕ ಮರೆತು ಇಳಿದುಹೋಗಿದ್ದ. ಅಪ್ಪ ಅದನ್ನು ತಂದು ನನ್ನ ಮುಂದೆ ಹಾಕಿ, "ತಗೋ, ಪರೀಕ್ಷೆ ಇಲ್ಲದೋಳಿಗೆ ಓದೋಕೊಂದು ಆಯ್ತು" ಎಂದರು.

ರಷ್ಯಾದವನೊಬ್ಬ ಭೂಮಿಗೆ ಒಂದು ಸುತ್ತು ಹಾಕಿ ಇಳಿದನೆಂದು ಸುದ್ದಿ ಬಂದ ವರ್ಷ ಅದು. ನಾನು ಫೇಲಾದ ವರ್ಷವೂ ಅದೇ. ನಮ್ಮೂರಿನಲ್ಲಿ ಹೆಚ್ಚು ಚರ್ಚೆಯಾದದ್ದು ಎರಡನೆಯ ಸುದ್ದಿ.

ಪುಸ್ತಕಕ್ಕೆ ರಟ್ಟು ಇರಲಿಲ್ಲ, ಮೊದಲ ಹಾಳೆಯೂ ಇರಲಿಲ್ಲ. ಹೀಗಾಗಿ ಅದರ ಹೆಸರೇನು, ಬರೆದವರು ಯಾರು, ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಯ ಹಾಳೆ ಮಾತ್ರ ಭದ್ರವಾಗಿತ್ತು. "ಶುಭಂ" ಎಂದು ಅಚ್ಚು ಹಾಕಿ ಕೆಳಗೆ ಒಂದು ಹೂವಿನ ಚಿತ್ರವನ್ನೂ ಇಟ್ಟಿದ್ದರು.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳುವಿನ ಮನೆ. ಹುಳುವಿನ ಮನೆಯ ಯಜಮಾನಿ ನಮ್ಮ ಸೋದರತ್ತೆ ಅಕ್ಕಯಮ್ಮ, ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಹೊರಗಿನವರು ಅಲ್ಲಿಗೆ ಕಾಲಿಡುವ ಹಾಗಿಲ್ಲ, ಅಪ್ಪ ಕೂಡ ಬೀಡಿ ಆರಿಸಿ ಕೈಕಾಲು ತೊಳೆದೇ ಬರಬೇಕು. ಊರಿನವರ "ಯಾಕಮ್ಮ ಫೇಲಾದೆ?" ಎಂಬ ಕ್ಷೇಮಸಮಾಚಾರದಿಂದ ತಪ್ಪಿಸಿಕೊಳ್ಳಲು ನನಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಅತ್ತೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು, ನಾನು ಗೋಡೆಗೊರಗಿ ಜೋರಾಗಿ ಓದುತ್ತಿದ್ದೆ, ತಟ್ಟೆಗಳ ಮೇಲೆ ಹುಳುಗಳು ಸಣ್ಣ ಮಳೆ ಬಂದ ಹಾಗೆ ಸದ್ದು ಮಾಡುತ್ತಾ ಮೇಯುತ್ತಿದ್ದವು.

ಈಗ ಗುಣದೋಷಕ್ಕೆ ಬರೋಣ. ಮೊದಲು ಗುಣ ಹೇಳಿಬಿಡುತ್ತೇನೆ, ಸತ್ತವರ ಮನೆಯಲ್ಲೂ ಮೊದಲು ಗುಣವನ್ನೇ ಹೇಳುವುದು ಲೋಕರೂಢಿ.

ಆ ಲೇಖಕರಿಗೆ ಹೊರಡಿಸುವುದು ಗೊತ್ತಿತ್ತು. ಪುಷ್ಪಕ ಎಂಬ ಅವರ ಆಕಾಶನೌಕೆ ನೆಲ ಬಿಟ್ಟ ಅಧ್ಯಾಯವನ್ನು ನಾನು ಓದುವಾಗ ಅತ್ತೆಯ ಕೈಲಿದ್ದ ಕತ್ತಿ ನಿಂತುಹೋಯಿತು. ಭೂಮಿ ಮೊದಲು ಮೊರದಷ್ಟು ಕಂಡಿತಂತೆ, ಆಮೇಲೆ ರೊಟ್ಟಿಯಷ್ಟು, ಆಮೇಲೆ ನಿಂಬೆಹಣ್ಣಿನಷ್ಟು. ನಿಂಬೆಹಣ್ಣಿಗೆ ಬಂದಾಗ ಅತ್ತೆ, "ಅಷ್ಟು ದೂರ ಹೋದ್ಮೇಲೆ ನಮ್ಮೂರು ಯಾವುದು ಅಂತ ಹೆಂಗೆ ಗೊತ್ತಾಗುತ್ತೇ? ದಾರಿ ತಪ್ಪಲ್ವಾ?" ಎಂದು ಕೇಳಿದಳು. ಚಿಂತಾಮಣಿ, ಚಿಕ್ಕಬಳ್ಳಾಪುರ, ಗಂಡನ ಮನೆಯಿದ್ದ ಗೌರಿಬಿದನೂರಿನ ಕಡೆಯ ಹಳ್ಳಿ, ಇಷ್ಟು ಬಿಟ್ಟು ಬೇರೆ ಊರು ನೋಡದ ಹೆಂಗಸನ್ನು ಅಷ್ಟು ದೂರ ಒಯ್ದು ಹೆದರಿಸಿದ್ದು ಸಣ್ಣ ಗುಣವೇನಲ್ಲ.

ದೋಷಗಳೂ ಬೇಕಾದಷ್ಟಿದ್ದವು. ಒಂದು ಕಡೆ ಜಯಂತ ಎಂಬ ತರುಣ ನೌಕೆಯ ಕಿಟಕಿ ತೆರೆದು ತಂಗಾಳಿಗೆ ಮುಖ ಒಡ್ಡುತ್ತಾನೆ. ಗಾಳಿಯೇ ಇಲ್ಲದ ಜಾಗದಲ್ಲಿ ತಂಗಾಳಿ ಎಲ್ಲಿಂದ ಬಂತೆಂದು ಫೇಲಾದ ನನಗೂ ಅನ್ನಿಸಿತು. ಊಟಕ್ಕೆ ಮಾತ್ರೆ. ಅತ್ತೆ ಅದಕ್ಕೆ ಒಪ್ಪಲೇ ಇಲ್ಲ. "ಮುದ್ದೆ ಇಲ್ದೆ ಹೆಂಗೇ ಗಂಡಸರು ಕೆಲಸ ಮಾಡ್ತಾರೆ?" ಎಂದಳು. ದಾರಿಯಲ್ಲಿ ಚಂದ್ರನ ಮೇಲೆ ಇಳಿದರು ಎಂದು ಓದಿದಾಗ ಅವಳಿಗೆ ನಗು. ಬಲಿತು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗೆ ನಮ್ಮ ಕಡೆ ಚಂದ್ರಂಕಿ ಅನ್ನುತ್ತಾರೆ. "ಇನ್ನೂ ಹಣ್ಣಾಗ್ದೆ ಚಂದ್ರಂಕಿಗೆ ಬಿಟ್ಬಿಟ್ರಲ್ಲೇ" ಎಂದಳು.

ಮಂಗಳ ಗ್ರಹದವರ ಮಾತು ಇನ್ನೊಂದು ತಮಾಷೆ. ಹಸಿರು ಮೈಯವರು ಎದುರಿಗೆ ಬಂದು, "ಮಾನ್ಯರೇ, ತಾವು ಎಲ್ಲಿಂದ ಆಗಮಿಸಿದಿರಿ?" ಎಂದು ಪಂಡಿತರ ಕನ್ನಡದಲ್ಲಿ ಕೇಳುತ್ತಾರೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಚಿಂತಾಮಣಿ ದಾಟಿದ್ರೆ ತೆಲುಗು ಶುರುವಾಗುತ್ತೆ. ಅಷ್ಟು ದೂರ ಹೋದ್ರೂ ಕನ್ನಡಾನೇ ಇತ್ತಾ?" ಎಂದಳು. ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು. "ಇರ್ಲಿ ಬಿಡು. ಭಾಷೆ ಬರೋ ಕಡೆ ಇದ್ರೆ ಅನ್ನಕ್ಕೆ ಮೋಸ ಇಲ್ಲ."

ಆ ಮಾತು ಹಸಿರು ಮೈಯವರ ಬಗ್ಗೆ ಆಡಿದ್ದಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಯ ಗಂಡ ಮುನಿನಾರಾಯಣಪ್ಪ ಲಡಾಯಿಯ ಕಾಲದಲ್ಲಿ ಮಿಲಿಟರಿಗೆ ಲಾರಿ ಓಡಿಸಲು ಹೋದವರು. ಮದುವೆಯಾಗಿ ಒಂದು ಯುಗಾದಿ ಆಗಿತ್ತು, ಎರಡನೆಯದು ಬರುವ ಮುಂಚೆ ಹೊರಟರು. ಬರ್ಮಾ ಕಡೆ ಹೋದರೆಂದು ತಿಳಿಯಿತು. ಆಮೇಲೆ ಸರ್ಕಾರದಿಂದ "ಕಾಣೆಯಾಗಿದ್ದಾರೆ" ಎಂಬ ಒಂದು ಮಾತು ಬಂತು, ಅದರ ಮೇಲೆ ಇನ್ನೊಂದು ಮಾತು ಬರಲಿಲ್ಲ. ಲಡಾಯಿ ಮುಗಿಯಿತು, ಸ್ವಾತಂತ್ರ್ಯ ಬಂತು, ಜೊತೆಗೆ ಹೋದ ಊರಿನವರು ಟ್ರಂಕು ಹೊತ್ತು ಬಂದರು. ಇವರು ಬರಲಿಲ್ಲ. ಹಬ್ಬಕ್ಕೆಂದು ತವರಿಗೆ ಬಂದ ಅತ್ತೆ ಇಲ್ಲೇ ಉಳಿದಳು. ಚಿಂತಾಮಣಿಯ ಜೋಯಿಸರು ಕವಡೆ ಹಾಕಿ, "ಉತ್ತರ ದಿಕ್ಕಿನಲ್ಲಿ ಕ್ಷೇಮವಾಗಿದ್ದಾನೆ" ಎಂದರು. ಬರ್ಮಾ ಉತ್ತರಕ್ಕಿಲ್ಲ ಎಂದು ಅಪ್ಪನಿಗೆ ಗೊತ್ತಿದ್ದರೂ ದಕ್ಷಿಣೆ ಕೊಟ್ಟು ಬಂದರು. ಮುರುಗಮಲ್ಲದ ದರ್ಗಾದಲ್ಲಿ ಒಬ್ಬ ಮುದುಕ ನವಿಲುಗರಿಯಿಂದ ತಲೆ ಸವರಿ, "ಬರ್ತಾನಮ್ಮ" ಎಂದ. ಕೇಳಿದವರೆಲ್ಲ ಹಾಗೇ ಹೇಳಿದರು. ಇಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ನನಗೆ ಬುದ್ಧಿ ಬಂದಾಗಿನಿಂದ ಅತ್ತೆಯ ಹಣೆಯಲ್ಲಿ ಕುಂಕುಮ ಇತ್ತು, ಕೊರಳಲ್ಲಿ ತಾಳಿ ಇತ್ತು. ಆದರೂ ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ ಅರಿಶಿನ ಕುಂಕುಮದ ತಟ್ಟೆ ಹಿಡಿದವಳು ಅತ್ತೆಯ ಮುಂದೆ ಬಂದಾಗ ಒಂದು ಗಳಿಗೆ ತಡೆಯುತ್ತಿದ್ದಳು. ಕೊಡಬೇಕೋ ಬಿಡಬೇಕೋ ಎಂದು ಹಿಂದೆ ತಿರುಗಿ ದೊಡ್ಡವರ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ಅತ್ತೆಯೇ ಏನೋ ಕೆಲಸ ನೆನಪಾದಂತೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಕೊಟ್ಟರೆ ಸಂತೋಷ, ಕೊಡದಿದ್ದರೆ ದುಃಖ, ಎರಡನ್ನೂ ತಡೆದುಕೊಳ್ಳಬಹುದು. ಆ ತಡೆದು ನಿಲ್ಲುವುದಿದೆಯಲ್ಲ, ಅದನ್ನು ನೋಡಲಾರದೆ ನಾನೇ ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ.

ಪುಸ್ತಕಕ್ಕೆ ಬರುತ್ತೇನೆ. ಪುಷ್ಪಕದಲ್ಲಿ ಹೋದವರು ಆರು ಜನ. ಒಬ್ಬ ಪ್ರೊಫೆಸರು, ಅವರ ತಂಗಿಯ ಮಗ ಜಯಂತ, ಒಬ್ಬ ಡಾಕ್ಟರು, ಇಬ್ಬರು ಎಂಜಿನಿಯರುಗಳು, ಕೊನೆಗೆ ಯಂತ್ರಕ್ಕೆ ಎಣ್ಣೆ ಹಾಕುವ ಗೋವಿಂದ. ಜಯಂತನ ಮೂಗು, ಮೀಸೆ, ಅವನು ಬಿಟ್ಟು ಬಂದ ಪ್ರೇಯಸಿ, ಎಲ್ಲದಕ್ಕೂ ಪುಟಗಟ್ಟಲೆ ವರ್ಣನೆ. ಗೋವಿಂದನಿಗೆ ಸಿಕ್ಕಿದ್ದು ಒಂದೇ ಸಾಲು, "ಅವನು ಹೆಚ್ಚು ಮಾತನಾಡುವವನಲ್ಲ." ಅತ್ತೆಗೆ ಅಷ್ಟೇ ಸಾಕಾಯಿತು. "ನಿಮ್ಮ ಮಾವನೂ ಅಷ್ಟೇ, ಮಾತು ಕಮ್ಮಿ" ಎಂದಳು. ಆವತ್ತಿನಿಂದ ಅವಳ ಮಟ್ಟಿಗೆ ಕಥಾನಾಯಕ ಗೋವಿಂದ. ಜಯಂತ ಹಸಿರು ಮೈಯವರ ಜೊತೆ ಕತ್ತಿ ಯುದ್ಧ ಮಾಡುತ್ತಿದ್ದರೆ ಇವಳು, "ಅದಿರ್ಲಿ, ಗೋವಿಂದ ಎಲ್ಲಿದ್ದ?" ಎಂದು ಕೇಳುವಳು. ಅವನ ಹೆಸರು ಬಂದ ಕಡೆ ನಾನು ಸ್ವಲ್ಪ ನಿಧಾನವಾಗಿ ಓದುವುದನ್ನು ರೂಢಿ ಮಾಡಿಕೊಂಡೆ.

ಮಂಗಳಕ್ಕೆ ಹೋಗಲು ತಿಂಗಳುಗಳೇ ಬೇಕಂತೆ. ಅಷ್ಟು ದಿನ ಆರು ಜನವೂ ಔಷಧಿ ಕುಡಿದು ಗಾಜಿನ ಪೆಟ್ಟಿಗೆಗಳಲ್ಲಿ ಮಲಗುತ್ತಾರೆ. ಅನ್ನ ನೀರಿಲ್ಲ, ಅಲ್ಲಾಟವಿಲ್ಲ. ಲೇಖಕರು ಅದಕ್ಕೆ "ಸುಷುಪ್ತಿ" ಎಂದು ಬರೆದಿದ್ದರು. ಅತ್ತೆ "ಹಂಗಂದ್ರೆ?" ಎಂದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ತಟ್ಟೆಯ ಕಡೆ ಕೈ ತೋರಿಸಿ, "ಜ್ವರಕ್ಕೆ ಕೂತ ಹಾಗೆ ಅತ್ತೆ" ಎಂದೆ.

ಹುಳು ಸಾಕದವರಿಗೆ ಇದು ತಿಳಿಯುವುದಿಲ್ಲ, ಅದಕ್ಕೇ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಸತ್ತಂತೆ ಸುಮ್ಮನೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಅದು ಕಾಯಿಲೆಯಲ್ಲ, ನಿದ್ದೆ. ಆಗ ಹುಳುವನ್ನು ಮುಟ್ಟಬಾರದು. ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಕೆಲವು ಬೇಗ ಏಳುತ್ತವೆ, ಕೆಲವು ತಡ. ಮೊದಲು ಎದ್ದವು ಹಸಿದು ಬಾಯಾಡಿಸುತ್ತವೆಂದು ಅವಸರಪಟ್ಟು ಸೊಪ್ಪು ಹಾಕಿದರೆ, ತಡವಾಗಿ ಏಳುವವು ಸೊಪ್ಪಿನ ಅಡಿಯಲ್ಲಿ ಹೂತುಹೋಗುತ್ತವೆ. ಹೆಚ್ಚು ಕಡಿಮೆ ಎಲ್ಲ ಏಳುವ ತನಕ ಕಾಯಬೇಕು. ಕಾಯುವುದರಲ್ಲಿ ಅತ್ತೆಯನ್ನು ಮೀರಿಸುವವರು ಸುತ್ತ ಹಳ್ಳಿಯಲ್ಲಿ ಇರಲಿಲ್ಲ. ಹಿಂದೆ ಬಿದ್ದ ಹುಳುಗಳನ್ನು ಬೇರೆಯವರು ಬಿಸಾಡಿದರೆ ಇವಳು ಬೇರೆ ತಟ್ಟೆಯಲ್ಲಿಟ್ಟು ಸಾಕುತ್ತಿದ್ದಳು.

ಹೀಗೆ ನಮ್ಮ ಹುಳುವಿನ ಮನೆಯಲ್ಲಿ ಪ್ರೊಫೆಸರರಿಂದ ಹಿಡಿದು ಎಲ್ಲರಿಗೂ ಜ್ವರ ಬಂತು. ಎದ್ದರು, ಹಳೆಯ ಉಡುಪು ಕಳಚಿ ಹೊಸದು ತೊಟ್ಟರು ಎಂದು ಬರೆದಿತ್ತು. "ನೋಡ್ದಾ, ಪೊರೆ ಬಿಟ್ರು" ಎಂದು ಅತ್ತೆ ತಲೆದೂಗಿದಳು. ಲೇಖಕರಿಗೆ ಹುಳುವಿನ ಕೆಲಸ ಗೊತ್ತಿದೆ, ನಮ್ಮ ಕಡೆಯವರೇ ಇರಬೇಕು ಎಂದು ಅವಳಿಗೆ ಅನುಮಾನ ಬಂದದ್ದೂ ಆಗಲೇ.

ಮಂಗಳದಲ್ಲಿ ಯುದ್ಧವೆಲ್ಲ ಮುಗಿಯಿತು. ಆರೂ ಜನ ನೌಕೆ ಹತ್ತಿದರು, ಔಷಧಿ ಕುಡಿದು ಮತ್ತೆ ಮಲಗಿದರು. ಕೊನೆಯ ಅಧ್ಯಾಯ. "ಭೂಮಿಯ ಆಕರ್ಷಣೆಗೆ ನೌಕೆ ಸಿಲುಕುತ್ತಲೇ ಐವರೂ ಕಣ್ಣು ತೆರೆದರು." ನಾನು ಓದುತ್ತಾ ಹೋದೆ. ಬೆಂಗಳೂರಿನಲ್ಲಿ ಇಳಿದರು, ಐದು ಹಾರ ಬಂತು, ವೇದಿಕೆಯ ಮೇಲೆ ಐದು ಕುರ್ಚಿ, ಮಂತ್ರಿಗಳ ಭಾಷಣ, ಜಯಂತನ ಮದುವೆ. ಶುಭಂ, ಹೂವಿನ ಚಿತ್ರ.

ಅತ್ತೆ ಕತ್ತಿ ಕೆಳಗಿಟ್ಟಳು. "ಹೋದೋರು ಆರು ಜನ ಅಲ್ವೇನೇ?"

ನಾನು ಅಚ್ಚಿನ ತಪ್ಪಿರಬೇಕೆಂದೆ. ಹಿಂದಕ್ಕೆ ಹೋಗಿ ಓದಿದೆ, ಮುಂದಕ್ಕೆ ಬಂದು ಓದಿದೆ. ಪ್ರೊಫೆಸರು ಇದ್ದರು, ಡಾಕ್ಟರು ಇದ್ದರು, ಎಂಜಿನಿಯರುಗಳಿದ್ದರು. ಗೋವಿಂದ ಇಲ್ಲ. ಸತ್ತನೆಂದೂ ಇಲ್ಲ, ಅಲ್ಲೇ ಉಳಿದನೆಂದೂ ಇಲ್ಲ. ಯಾರೂ ಅವನನ್ನು ಕೇಳುವುದೂ ಇಲ್ಲ. ಬರೆಯುವ ಭರದಲ್ಲಿ ಲೇಖಕರು ಅವನನ್ನು ಮರೆತೇಬಿಟ್ಟಿದ್ದರು. ಕಳೆದುಹೋದದ್ದಕ್ಕೆ ನಾವು "ಗೋವಿಂದ" ಅನ್ನುತ್ತೇವಲ್ಲ, ಹೆಸರಿಡುವಾಗಲೇ ಅವನ ಹಣೆಬರಹವನ್ನೂ ಬರೆದರೋ ಏನೋ. ಕಿಟಕಿ ತೆರೆದದ್ದನ್ನು ಕ್ಷಮಿಸಬಹುದು, ಮಾತ್ರೆಯ ಊಟವನ್ನು ಕ್ಷಮಿಸಬಹುದು. ಈ ದೋಷವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಸರ್ಕಾರದೋರಾದ್ರೂ ಕಾಣೆ ಅಂತ ಬರೆದ್ರು," ಎಂದಳು ಅತ್ತೆ. "ಇವನು ಅಷ್ಟೂ ಬರೀಲಿಲ್ಲವಲ್ಲೇ."

ಮರುದಿನ ಬೆಳಿಗ್ಗೆ ತಟ್ಟೆಯ ಮುಂದೆ ಕೂತವಳು ಹುಳುಗಳನ್ನೇ ನೋಡುತ್ತಾ ಹೇಳಿದಳು: "ಸರೋಜಿ, ಅವನು ಸತ್ತಿಲ್ಲ ಕಣೇ. ಜ್ವರದಿಂದ ಎದ್ದಿಲ್ಲ, ಅಷ್ಟೇ. ಐದು ಜನ ಮುಂಚೆ ಎದ್ದು ಇಳ್ದು ಹೋಗ್ಬಿಟ್ರು. ಇವನು ತಡ. ಪೆಟ್ಟಿಗೇಲೇ ಇರ್ತಾನೆ. ಯಾರಾದ್ರೂ ಕಾಯ್ಬೇಕಿತ್ತು."

ಅವನು ಎಂದರೆ ಗೋವಿಂದನೋ ಮಾವನೋ ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷ ಜೋಯಿಸರೂ ಫಕೀರರೂ ಕೊಡದ ಉತ್ತರವೊಂದು ಅವಳಿಗೆ ಸಿಕ್ಕಿತ್ತು. ಅದಾದ ಮೇಲೆ ಅವಳ ಮುಖ ಗೆಲುವಾಯಿತು. ಹುಳುಗಳ ನಾಲ್ಕನೇ ಜ್ವರ ಶುರುವಾಗಿತ್ತು, ನಾವಿಬ್ಬರೂ ಮೆಲ್ಲಗೆ ಓಡಾಡುತ್ತಿದ್ದೆವು.

ಆಗ ಬಂದವನು ಆಂಜಿನಪ್ಪ, ಮಾವನ ತಮ್ಮ. ಅವರದು ರಾಗಿ, ಕಡಲೆಕಾಯಿ ಬೆಳೆಯುವ ಸೀಮೆ, ಮನೆಯಲ್ಲಿ ತೆಲುಗು. ರೇಷ್ಮೆಯ ಗಂಧಗಾಳಿ ಇಲ್ಲ. ಒಳ್ಳೆಯ ಮನುಷ್ಯ, ವರ್ಷಕ್ಕೊಂದು ಸಲ ಒಂದು ಮೂಟೆ ಕಡಲೆಕಾಯಿ ಹೊತ್ತು ಅತ್ತಿಗೆಯನ್ನು ನೋಡಿಕೊಂಡು ಹೋಗುತ್ತಿದ್ದ. ಅಪ್ಪ ಚಿಂತಾಮಣಿಗೆ ಹೋಗಿದ್ದರು. ಹುಳುವಿನ ಮನೆಯೊಳಗೆ ಬರುವ ಹಾಗಿಲ್ಲವಾದ್ದರಿಂದ ಅವನು ಹೊಂಗೆಯ ಮರದಡಿ ನಿಂತ, ಅತ್ತೆ ಬಾಗಿಲಲ್ಲಿ ನಿಂತಳು. ನಾನು ಒಳಗೆ ಖಾಲಿ ತಟ್ಟೆ ಒರೆಸುತ್ತಾ ಇದ್ದೆ, ಎಲ್ಲ ಕೇಳಿಸುತ್ತಿತ್ತು.

"ಮಗಳ ಮದುವೆ ಗೊತ್ತಾಗಿದೆ ಅತ್ತಿಗೆ," ಎಂದ ಆಂಜಿನಪ್ಪ. "ಲಗ್ನಪತ್ರಿಕೆ ಅಚ್ಚು ಹಾಕಿಸ್ಬೇಕು. ಮನೆಗೆ ಹಿರಿ ಮಗ ಅಂತ ಅಣ್ಣನ ಹೆಸರು ಮೇಲಿರ್ಬೇಕು. ಹಾಕಿದ್ರೆ ಬೀಗರು ಎಲ್ಲಿದಾರೆ ಅಂ‍ತಾರೆ. ಬಿಡಕ್ಕೆ ನಂಗೆ ಮನಸ್ಸು ಬರಲ್ಲ. ಹಿರೀಕರು ಇದಾರೋ ಇಲ್ವೋ ಏನಾದ್ರೂ ಒಂದು ತೀರ್ಮಾನ ಮಾಡ್ಕೊಳ್ರಪ್ಪ ಅಂತಾವ್ರೆ. ನಾನು ಮಾಡಲ್ಲ. ನೀವು ಹೆಂಗಂದ್ರೆ ಹಂಗೆ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು. "ಅವರು ಜ್ವರದಿಂದ ಏಳಲಿಲ್ಲ ಕಣಪ್ಪ," ಎಂದಳು. "ಜೊತೇಲಿ ಇದ್ದೋರೆಲ್ಲ ಎದ್ದು ಬಂದ್ರು. ಇವರೊಬ್ರು ಏಳಲಿಲ್ಲ."

ಆಂಜಿನಪ್ಪನ ದನಿ ಬೇರೆಯಾಯಿತು. "ಯಾವಾಗ ಗೊತ್ತಾಯ್ತು ಅತ್ತಿಗೆ?"

"ಮೊನ್ನೆ. ನಮ್ಮ ಸರೋಜಿ ಓದಿ ಹೇಳಿದ್ಲು."

"ಅಷ್ಟು ದೂರದಾಗೆ... ಒಬ್ರೇ ಬಿಟ್ಟು ಬಂದ್ರಾ?"

"ಬಿಟ್ಟು ಬಂದ್ರು. ಕಾಯ್ಬೇಕಿತ್ತು, ಕಾಯಲಿಲ್ಲ. ಹೆಸರು ಮಾತ್ರ ನೀವು ಬಿಡ್ಬೇಡಿ ಆಂಜಿನಪ್ಪ."

"ಬಿಡ್ತೀವಾ ಅತ್ತಿಗೆ. ಮಾಡೋದನ್ನೆಲ್ಲ ಮಾಡ್ತೀವಿ." ಅಷ್ಟು ಹೇಳಿ ಟವೆಲ್ಲನ್ನು ಬಾಯಿಗೊತ್ತಿಕೊಂಡು, ಮಜ್ಜಿಗೆಯನ್ನೂ ಕುಡಿಯದೆ ಹೊರಟುಹೋದ.

"ಪಾಪ, ಅವನಿಗೂ ಅಣ್ಣ ಅಂದ್ರೆ ಅಷ್ಟು ಪ್ರಾಣ" ಎಂದು ಅತ್ತೆ ಒಳಗೆ ಬಂದಳು. ಹುಳುವಿನ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಮಾತುಗಳಲ್ಲಿ ಯಾವ ಗೊಂದಲವೂ ಕಾಣಲಿಲ್ಲ. ಜ್ವರ ಎಂದರೆ ನಿದ್ದೆ, ಅದರಿಂದ ಏಳದವನು ಇನ್ನೂ ಏಳಬೇಕಾದವನು. ಆದರೆ ಗೌರಿಬಿದನೂರಿನ ಕಡೆಯವರಿಗೆ ಜ್ವರ ಎಂದರೆ ಜ್ವರ. ಬರ್ಮಾದ ಕಾಡಿನಲ್ಲಿ ಜ್ವರ ಬಂದು ಎಷ್ಟೋ ಜನ ಸತ್ತ ಕಥೆ ಟ್ರಂಕು ಹೊತ್ತು ಬಂದವರಿಂದ ಅವರೂ ಕೇಳಿದ್ದರು. ಅದಕ್ಕೆ ಸರಿಯಾಗಿ ಓದು ಬಲ್ಲ ಹುಡುಗಿಯೊಬ್ಬಳು ಓದಿ ಹೇಳಿದ್ದಾಳೆ. ಎಲ್ಲಿಂದಲೋ ಕಾಗದ ಬಂದಿರಬೇಕು. ಆಂಜಿನಪ್ಪ ಬೇರೆ ಹೇಗೆ ತಿಳಿದುಕೊಂಡಾನು, ನೀವೇ ಹೇಳಿ.

ಹುಳು ಎದ್ದವು, ಹಣ್ಣಾದವು, ಚಂದ್ರಂಕಿಗೆ ಬಿಟ್ಟೆವು. ಗೂಡು ಬಿಡಿಸುತ್ತಿದ್ದ ದಿನ ಆಂಜಿನಪ್ಪ ಮತ್ತೆ ಬಂದ. ಅಪ್ಪನೂ ಮನೆಯಲ್ಲಿದ್ದರು. ಬೆಳೆ ಮುಗಿದಿದ್ದರಿಂದ ಅತ್ತೆ "ಒಳಗೇ ಬಾಪ್ಪ" ಎಂದಳು. ಅವನು ಬಾಗಿಲಲ್ಲೇ ನಿಂತು ತಲೆಯ ಮೇಲಿನ ಟವೆಲ್ಲು ತೆಗೆದ. ತಲೆ ಬೋಳಿಸಿತ್ತು.

"ಎಲ್ಲ ಚೆನ್ನಾಗಾಯ್ತು ಅತ್ತಿಗೆ," ಎಂದ. "ಸುತ್ತ ನಾಲ್ಕು ಹಳ್ಳಿ ಬಂದಿತ್ತು. ನಿಮಗೆ ಹೇಳಿ ಕಳಿಸ್ತಿದ್ದೆ, ಅಮ್ಮ ಬೇಡ ಅಂದ್ರು. ಇಷ್ಟು ವರ್ಷದ ಮೇಲೆ ಆ ಹೆಣ್ಣನ್ನ ಕರೆಸಿ ಬಳೆ ಒಡೆಸ್ಬೇಡಿ, ಅವಳ ಕುಂಕುಮ ಅವಳಿಷ್ಟ ಅಂದ್ಬಿಟ್ರು."

ಅಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮುಖ ಕೆಂಪಾಯಿತು. "ಏನಯ್ಯಾ ಮಾಡಿದ್ರಿ? ಯಾರು ಹೇಳಿದ್ರು ನಿಮಗೆ? ಯಾವ ಸುದ್ದಿ ಬಂತು?" ಎಂದು ಎದ್ದರು.

"ಅಣ್ಣ, ಸುಮ್ನಿರು," ಎಂದಳು ಅತ್ತೆ.

ಅವಳಿಗೆ ಎಲ್ಲವೂ ಒಟ್ಟಿಗೆ ತಿಳಿದುಹೋಗಿತ್ತು. ತಾನು ಆಡಿದ ಮಾತು, ಅವನು ಕೇಳಿಸಿಕೊಂಡ ಮಾತು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿರುವುದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. ನಾನು ಬಾಯಿ ತೆರೆಯಹೋದೆ, ಅವಳು ನನ್ನ ಮುಂಗೈ ಹಿಡಿದು ಒತ್ತಿದಳು.

"ಅಮ್ಮ ಅತ್ತರಾ?" ಎಂದು ಕೇಳಿದಳು.

"ಅತ್ತರು ಅತ್ತಿಗೆ. ಇಷ್ಟು ವರ್ಷ ಒಂದು ಹನಿ ಹಾಕಿರಲಿಲ್ಲ. ಬದುಕಿರೋನಿಗೆ ಅಳಬಾರದು, ಕೇಡು ಅಂತಿದ್ರು. ಆವತ್ತು 'ನಾ ಕೊಡುಕಾ, ನಾ ಕೊಡುಕಾ' ಅಂತ ಮಗನ್ನ ಕೂಗಿ ಅತ್ತಿದ್ದು ಊರ್ಗೆಲ್ಲ ಕೇಳಿಸ್ತು. ಅತ್ತ ಮೇಲೆ ಹಗುರ ಆಗವ್ರೆ. ಈಗ ಹೊಟ್ಟೆ ತುಂಬ ಉಣ್ತಾರೆ, ನಿದ್ದೆ ಮಾಡ್ತಾರೆ. ನೀವು ಸುದ್ದಿ ಹೇಳಿ ಪುಣ್ಯ ಕಟ್ಕೊಂಡ್ರಿ."

ಅತ್ತೆ ತಲೆಯಾಡಿಸಿದಳು. ಅಪ್ಪ ಅವಳ ಮುಖ ನೋಡಿ ಮೆಲ್ಲಗೆ ಕೂತುಕೊಂಡರು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಮುದುಕಿಯ ಮಗ ಮತ್ತೆ ಕಾಣೆಯಾಗುತ್ತಿದ್ದ. ಅತ್ತೆ ಆ ಮಾತು ಹೇಳಲಿಲ್ಲ. ನನ್ನ ಅತ್ತೆ ಮಾಡಿದ ಅತಿ ದೊಡ್ಡ ಕೆಲಸ ಅದೇ ಎಂದು ನಾನು ನಂಬಿದ್ದೇನೆ. ಅದಕ್ಕೆ ತೆತ್ತದ್ದು ಏನೆಂಬುದೂ ನನಗೆ ಗೊತ್ತು.

ಆಮೇಲೆ ಅವಳು ಕೇಳಿದಳು: "ಎಡೆಗೆ ಏನಿಟ್ರಿ?"

ಆಂಜಿನಪ್ಪ ತಲೆ ತಗ್ಗಿಸಿದ. "ಅದೇ ಅತ್ತಿಗೆ, ನಿಮ್ಮನ್ನ ಕೇಳ್ಬೇಕು ಅಂತ್ಲೇ ಬಂದೆ. ಅಣ್ಣನಿಗೆ ಏನಿಷ್ಟ ಅಂತ ಮನೇಲಿ ಒಬ್ರಿಗೂ ಜ್ಞಾಪಕ ಬರಲಿಲ್ಲ. ಅಮ್ಮನಿಗೂ ಮರ್ತೋಗಿದೆ. ಒಬ್ಬಟ್ಟು ಮಾಡಿ ಇಟ್ವಿ. ವರ್ಷದ ತಿಥಿಗೆ ಅವನಿಗೆ ಇಷ್ಟವಾಗಿದ್ದೇ ಮಾಡಿಸ್ತೀನಿ. ಏನು ಅಂತ ನೀವು ಹೇಳಿ."

ಅತ್ತೆ ಹೇಳಲು ಬಾಯಿ ತೆರೆದಳು. ಒಳಗೆ ಎಲ್ಲೋ ಹುಡುಕುತ್ತಿದ್ದಳು, ಸಿಕ್ಕಲಿಲ್ಲ.

"ನಂಗೊತ್ತಿಲ್ಲ ಕಣಪ್ಪ," ಎಂದಳು. "ನಾನು ಹೊಸ ಸೊಸೆ. ಅಡಿಗೆ ಮನೆ ಅಮ್ಮಂದು. ಅವರಿಗೆ ನಾನು ಒಂದಿನಾನೂ ಬಡಿಸ್ಲಿಲ್ಲ."

ಅತ್ತೆ ಅಳುವುದನ್ನು ನಾನು ಮೊದಲು ನೋಡಿದ್ದು ಆಗ.